ಬೀಗ ಹಾಕಿದ ಕೋಣೆ: ನಮ್ಮ ಮನೆತನ ಮತ್ತು ದೆವ್ವದ ಸಿನಿಮಾ

(ಮಹಿಳಾ ವಿಭಾಗದ ಮಾಸಿಕ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಸಲ ನೀವು ಮಾತಾಡಬೇಕು, ವಿಷಯ ನಿಮ್ಮಿಷ್ಟ ಎಂದು ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು "ದೆವ್ವದ ಸಿನಿಮಾ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಆಗಲಿ, ಅಡುಗೆ, ಆರೋಗ್ಯ, ದಾಸಸಾಹಿತ್ಯ ಎಲ್ಲ ಮುಗಿದಿದೆ, ಇದೂ ಒಂದು ಆಗಿಬಿಡಲಿ" ಅಂದರು. ಅವರ ಧೈರ್ಯಕ್ಕೆ ಮೊದಲ ವಂದನೆ. ಸಂಜೆ ಏಳು ಗಂಟೆಗೆ ದೆವ್ವದ ವಿಷಯ ಕೇಳಿಸಿಕೊಂಡು ಲೋಕಲ್ ಹಿಡಿದು ಮನೆಗೆ ಹೋಗಬೇಕಾದ ನಿಮ್ಮ ಧೈರ್ಯಕ್ಕೆ ಎರಡನೆಯದು.

ಬಿಳಿ ಸೀರೆ, ಕೂದಲು ಬಿಚ್ಚಿಕೊಂಡವಳು, ಕಿರ್ರೆನ್ನುವ ಬಾಗಿಲು, ಇಂಥ ಸಿನಿಮಾಗಳ ಬಗ್ಗೆ ನಾನು ಇವತ್ತು ಮಾತಾಡುವುದಿಲ್ಲ. ಅವು ಬಂದ ಹಾಗೆ ಹೋಗುತ್ತವೆ. ಇನ್ನೊಂದು ಬಗೆಯ ಚಿತ್ರಗಳಿವೆ. ಅಲ್ಲಿ ಭಯ ಸ್ಮಶಾನದಿಂದಲೋ ಕಾಡಿನಿಂದಲೋ ಬರುವುದಿಲ್ಲ, ಮನೆಯೊಳಗಿಂದಲೇ ಬರುತ್ತದೆ. ಅಜ್ಜ ಮಾಡಿದ ಅನ್ಯಾಯ, ಅಜ್ಜಿ ನುಂಗಿಕೊಂಡ ಮಾತು, ತಲೆಮಾರುಗಳಿಂದ ನಡೆಸಿಕೊಂಡು ಬಂದ ಒಂದು ಹರಕೆ, ಹಂಚಿಕೊಳ್ಳಲಾಗದ ಆಸ್ತಿ, ಇವೇ ಅಲ್ಲಿ ದೆವ್ವಗಳು. ಮನೆ, ಮದುವೆ, ಬಸಿರು, ಬಾಣಂತನ, ಹರಕೆ, ಹಬ್ಬ ಇವನ್ನೆಲ್ಲ ನೋಡಿಕೊಳ್ಳುವವರು ಹೆಂಗಸರೇ ತಾನೆ? ಹಾಗಾಗಿ ಈ ಚಿತ್ರಗಳ ಬಗ್ಗೆ ಮಾತಾಡುವ ಹಕ್ಕು ನಮಗೇ ಹೆಚ್ಚು.

ಎಲ್ಲರಿಗೂ ಗೊತ್ತಿರುವ ಕತೆಯಿಂದ ಶುರು ಮಾಡೋಣ. ನಾಗವಲ್ಲಿಯನ್ನು ನೋಡದವರು ಈ ಸಭೆಯಲ್ಲಿ ಯಾರಾದರೂ ಇದ್ದೀರಾ? ನಮ್ಮ 'ಆಪ್ತಮಿತ್ರ' ಬಂದದ್ದು 2004ರಲ್ಲಿ. ವಿಷ್ಣುವರ್ಧನ್, ರಮೇಶ್ ಅರವಿಂದ್, ಸೌಂದರ್ಯ. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಸೌಂದರ್ಯ ನಮ್ಮೊಡನೆ ಇರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಇಲ್ಲದವಳನ್ನು ಪರದೆಯ ಮೇಲೆ ನೋಡುತ್ತ, ಅವಳ ಒಳಗೆ ಇನ್ನೊಬ್ಬ ಇಲ್ಲದವಳು ಕುಣಿಯುವುದನ್ನು ನೋಡುತ್ತ ಅತ್ತವರು ನಮ್ಮಲ್ಲಿ ಎಷ್ಟು ಮಂದಿಯೋ!

ಇದರ ಮೂಲ 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'. ಮಧು ಮುಟ್ಟಂ ಅವರ ಕತೆ, ಫಾಜಿಲ್ ಅವರ ನಿರ್ದೇಶನ. ಗಂಗೆಯಾಗಿ ನಟಿಸಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಾಧ್ಯವಾದರೆ ಈ ಮೂಲವನ್ನು ನೋಡಿ. ಯಾಕೆಂದರೆ ಅದು ನಮ್ಮಂಥವರ ಕತೆ. ನಕುಲ ಮತ್ತು ಗಂಗೆ ಕಲ್ಕತ್ತೆಯಲ್ಲಿ ಇರುವವರು, ಅಂದರೆ ಹೊರನಾಡಿನವರು. ರಜೆಗೆಂದು ಊರಿನ ತರವಾಡು ಮನೆಗೆ ಬರುತ್ತಾರೆ. ಅಲ್ಲಿ ಬೀಗ ಹಾಕಿದ ಒಂದು ಕೋಣೆ. ತೆಗೆಯಬೇಡಿ ಅನ್ನುತ್ತಾರೆ ಹಿರಿಯರು. ಯಾಕೆ ಎಂದು ಕೇಳಿದರೆ ಅರ್ಧ ಹೇಳುತ್ತಾರೆ, ಅರ್ಧ ನುಂಗುತ್ತಾರೆ. ಹಿಂದೆ ಆ ಮನೆಯ ಯಜಮಾನ ತಂಜಾವೂರಿನಿಂದ ಒಬ್ಬ ನರ್ತಕಿಯನ್ನು ತಂದು ಇಟ್ಟುಕೊಂಡಿದ್ದ. ಅವಳಿಗೆ ಬೇರೊಬ್ಬನ ಮೇಲೆ ಮನಸ್ಸಿತ್ತು. ಯಜಮಾನ ಅವಳನ್ನು ಕೊಂದ. ಮನೆಯ ಮರ್ಯಾದೆ ಉಳಿಯಿತು, ಕೋಣೆಗೆ ಬೀಗ ಬಿತ್ತು.

ಗಂಗೆಗೆ ಏನಾಯಿತು ಎಂಬುದನ್ನು ಡಾಕ್ಟರ್ ಸನ್ನಿ ಬಿಡಿಸಿ ಹೇಳುತ್ತಾನೆ. ಗಂಗೆಯ ಅಪ್ಪ ಅಮ್ಮ ದೂರದ ಪಟ್ಟಣದಲ್ಲಿದ್ದರು, ಮಗುವನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಜ್ಜಿಯ ಕತೆ ಕೇಳುತ್ತ ಬೆಳೆದ ಮಗುವನ್ನು ಒಂದು ದಿನ ಇದ್ದಕ್ಕಿದ್ದ ಹಾಗೆ ಕರೆದುಕೊಂಡು ಹೋಗಲು ಬಂದರು. ಆ ಪೆಟ್ಟು ಒಳಗೇ ಉಳಿದುಬಿಟ್ಟಿತು. ಮದುವೆಯಾದ ಗಂಡ ಒಳ್ಳೆಯವನೇ, ಆದರೆ ಯಾವಾಗಲೂ ಕೆಲಸ. ಇದನ್ನು ನೋಡುವಾಗ ನನಗೆ ನಮ್ಮ ಮುಂಬಯಿಯ ಎಷ್ಟೋ ಸಂಸಾರಗಳು ನೆನಪಾದವು. ಚಾಳಿನ ಒಂದೇ ಕೋಣೆಯಲ್ಲಿ ಜಾಗವಿಲ್ಲ ಎಂದು ಮಕ್ಕಳನ್ನು ಊರಿನಲ್ಲಿ ಅಜ್ಜಿ ಹತ್ತಿರ ಬಿಟ್ಟು, ಹೈಸ್ಕೂಲಿಗೆ ಎಂದು ಮತ್ತೆ ಕರೆಸಿಕೊಂಡವರು ಇಲ್ಲಿಯೂ ಇದ್ದೀರಿ, ಹಾಗೆ ಬಂದ ಮಕ್ಕಳೂ ಇದ್ದೀರಿ. ಆಗಿನ ಕಷ್ಟಕ್ಕೆ ಬೇರೆ ದಾರಿ ಇರಲಿಲ್ಲ. ಆದರೆ ಮಗು ಏನನ್ನು ಬಿಟ್ಟುಬಂತು ಎಂದು ಯಾರೂ ಕೇಳಲಿಲ್ಲ. ಈ ಸಿನಿಮಾ ಕೇಳಿತು.

ಕನ್ನಡಕ್ಕೆ ಬಂದಾಗ ಕತೆ ಒಂದು ಮುಖ್ಯ ಜಾಗದಲ್ಲಿ ಬದಲಾಯಿತು. 'ಆಪ್ತಮಿತ್ರ'ದಲ್ಲಿ ಗಂಡ ಹೆಂಡತಿ ಹಳೆಯ ಬಂಗಲೆಯನ್ನು ಕೊಂಡುಕೊಳ್ಳುತ್ತಾರೆ. ಅದು ಅವರ ಹಿರಿಯರ ಮನೆಯಲ್ಲ. ತಮಿಳಿನ 'ಚಂದ್ರಮುಖಿ'ಯಲ್ಲೂ ಹಾಗೆಯೇ. ಹೆದರಿಕೆಯೇನೂ ಕಡಿಮೆಯಾಗಲಿಲ್ಲ, ಹಾಡು ಕುಣಿತ ಹೆಚ್ಚೇ ಆಯಿತು. ಆದರೆ ಮೂಲದಲ್ಲಿದ್ದ ಒಂದು ಮುಳ್ಳು ಹೋಯಿತು. ಕೊಂಡ ಮನೆಯ ಪಾಪ ಬೇರೆಯವರ ಪಾಪ. ಹಿರಿಯರ ಮನೆಯ ಪಾಪಕ್ಕೆ ನಾವೂ ವಾರಸುದಾರರು.

ಇನ್ನೊಂದು ವಿಷಯ ಗಮನಿಸಿದ್ದೀರಾ? ಈ ಕತೆಯ ದೆವ್ವ ಯಾವ ಭಾಷೆ ಮಾತಾಡುತ್ತದೆ? ಮಲಯಾಳಂ ಚಿತ್ರದಲ್ಲಿ ತಮಿಳು. ಕನ್ನಡ ಚಿತ್ರದಲ್ಲಿ ತೆಲುಗು. ತಮಿಳಿನ ಚಂದ್ರಮುಖಿಯೂ ತೆಲುಗಿನವಳೇ. 2007ರ ಹಿಂದಿ 'ಭೂಲ್ ಭುಲೈಯಾ'ದಲ್ಲಿ ಬಂಗಾಳಿ. ಅಂದರೆ ದೆವ್ವ ಯಾವಾಗಲೂ ಪಕ್ಕದ ಊರಿನವಳು, ಬೇರೆ ಭಾಷೆಯವಳು, ಕುಣಿಯುವವಳು, ತನ್ನವರು ಯಾರೂ ಇಲ್ಲದ ಮನೆಗೆ ಬಂದು ಸೇರಿದವಳು. ಅವಳನ್ನು ಕೊಂದವನು ಮಾತ್ರ ಪ್ರತಿ ಸಲವೂ ನಮ್ಮ ಭಾಷೆಯವನು. ಹೊರನಾಡಿನಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗಬೇಕು. ಈ ಊರಿನ ಬಿಲ್ಡಿಂಗ್‌ಗಳಲ್ಲಿ ಬೇರೆ ಭಾಷೆ ಮಾತಾಡುವ ಹೆಂಗಸು ಅಂದರೆ ನಾವೇ ತಾನೆ? ನಮ್ಮ ಮನೆಗೂ ಮರಾಠಿ, ಗುಜರಾತಿ, ಬಂಗಾಳಿ ಸೊಸೆಯಂದಿರು ಬರುತ್ತಿದ್ದಾರೆ. ಅವಳು ತನ್ನ ಭಾಷೆಯಲ್ಲಿ ಫೋನಿನಲ್ಲಿ ಜೋರಾಗಿ ನಕ್ಕರೆ ಹುಬ್ಬು ಗಂಟಿಕ್ಕುವ ಮೊದಲು ನಾಗವಲ್ಲಿಯನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ.

ಈಗ ನಾವು ನಿಂತಿರುವ ಈ ನೆಲದ ಕತೆಗೆ ಬರುತ್ತೇನೆ. 2018ರಲ್ಲಿ ಬಂದ 'ತುಂಬಾಡ್'. ರಾಹಿ ಅನಿಲ್ ಬರ್ವೆ ನಿರ್ದೇಶಿಸಿದ್ದು, ಸೋಹಂ ಶಾ ನಟಿಸಿದ್ದು. ಮರಾಠಿಯ ಭಯಕತೆಗಳ ಲೇಖಕ ನಾರಾಯಣ ಧಾರಪ್ ಅವರ ಬರಹದಿಂದ ಹುಟ್ಟಿದ ಚಿತ್ರ. ಮೊದಲು ಬಂದಾಗ ಹೆಚ್ಚು ಓಡಲಿಲ್ಲ. 2024ರಲ್ಲಿ ಮತ್ತೆ ಥಿಯೇಟರಿಗೆ ಬಂದಾಗ ಮೊದಲಿಗಿಂತ ಹೆಚ್ಚು ಜನ ನೋಡಿದರು.

ಸದಾ ಮಳೆ ಸುರಿಯುವ ಒಂದು ಹಳ್ಳಿ, ಪಾಳು ವಾಡೆ, ಅದರ ಹೊಟ್ಟೆಯೊಳಗೆ ಹಸ್ತರ್ ಎಂಬ ಶಾಪಗ್ರಸ್ತ ದೇವರು. ಅವನ ಹತ್ತಿರ ಮುಗಿಯದ ಚಿನ್ನದ ನಾಣ್ಯಗಳಿವೆ, ಆದರೆ ಅವನಿಗೆ ಬೇಕಾದದ್ದು ಹಿಟ್ಟು, ಅನ್ನ. ಕತೆ 1918, 1933, 1947 ಎಂದು ಮೂರು ಕಾಲದಲ್ಲಿ ನಡೆಯುತ್ತದೆ. ವಿನಾಯಕನ ತಾಯಿ ಒಂದು ನಾಣ್ಯಕ್ಕಾಗಿ ವಾಡೆಯ ಮುದುಕ ಸರಕಾರನ ಸೇವೆ ಮಾಡುತ್ತ ವರ್ಷಗಟ್ಟಲೆ ಕಳೆದವಳು. ಒಬ್ಬ ಮಗನನ್ನು ಕಳೆದುಕೊಂಡ ಮೇಲೆ, ಇನ್ನೊಬ್ಬನನ್ನು ಕರೆದುಕೊಂಡು ಪುಣೆಗೆ ಹೊರಡುತ್ತಾಳೆ, ಇನ್ನೆಂದೂ ಇಲ್ಲಿಗೆ ಬರಬಾರದು ಎಂದು ಮಾತು ತೆಗೆದುಕೊಳ್ಳುತ್ತಾಳೆ. ಮಗ ಆ ಮಾತು ಮುರಿಯುತ್ತಾನೆ. ಚಿನ್ನ ತರುತ್ತಾನೆ, ತನ್ನ ಮಗನಿಗೂ ಆ ವಿದ್ಯೆ ಕಲಿಸುತ್ತಾನೆ.

ಈ ಚಿತ್ರವನ್ನು ದುರಾಸೆಯ ಕತೆ ಅನ್ನುತ್ತಾರೆ, ಸರಿ. ಆದರೆ ಅಮ್ಮನ ಕಣ್ಣಿನಿಂದ ನೋಡಿದರೆ ಇದು ವಾರಸಿನ ಕತೆ. ಅಪ್ಪನಿಂದ ಮಗನಿಗೆ ಬರುವುದು ಆಸ್ತಿ ಮಾತ್ರ ಅಲ್ಲ, ಆಸ್ತಿಯ ಹಸಿವೂ ಬರುತ್ತದೆ. ಕೊನೆಗೆ ಮಗ ಪಾಂಡುರಂಗ, ಎದುರಿಗೆ ಇರುವ ಚಿನ್ನವನ್ನು ಬೇಡ ಅನ್ನುತ್ತಾನೆ. ಅಜ್ಜಿ ತೆಗೆದುಕೊಂಡಿದ್ದ ಮಾತನ್ನು ಮೊಮ್ಮಗ ಉಳಿಸಿಕೊಡುತ್ತಾನೆ. ಊರಿನ ಜಾಗದ ಪಾಲಿಗಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟಿರುವ ಮನೆಗಳಲ್ಲಿ ಈ ಚಿತ್ರವನ್ನು ಒಮ್ಮೆ ಹಾಕಿ ನೋಡಿ. ದೆವ್ವ ಬಂದಾಗ ಅಲ್ಲ, ಕೊನೆಯ ದೃಶ್ಯದಲ್ಲಿ ಮನೆ ನಿಶ್ಶಬ್ದವಾಗುತ್ತದೆ.

ಇನ್ನು ನಮ್ಮ ಕರಾವಳಿ. 2022ರ 'ಕಾಂತಾರ'ವನ್ನು ದೆವ್ವದ ಸಿನಿಮಾ ಅಂದರೆ ನಮ್ಮ ತುಳುನಾಡಿನ ಅಕ್ಕಂದಿರು ನನ್ನನ್ನು ಇಲ್ಲಿಂದ ಹೊರಡಲು ಬಿಡುವುದಿಲ್ಲ. ಅವರು ಹೇಳುವುದೇ ಸರಿ. ದೈವ ದೆವ್ವವಲ್ಲ. ಪಂಜುರ್ಲಿ, ಗುಳಿಗ ಇವರು ಹೆದರಿಸಲು ಬರುವವರಲ್ಲ, ನ್ಯಾಯ ಕೇಳಲು, ಮಾತು ನೆನಪಿಸಲು ಬರುವವರು. ಚಿತ್ರದಲ್ಲಿ 1847ರಲ್ಲಿ ಒಬ್ಬ ಅರಸ ದೈವದ ಕಲ್ಲಿಗೆ ಬದಲಾಗಿ ಕಾಡಿನ ಜನಕ್ಕೆ ಭೂಮಿ ಕೊಡುತ್ತಾನೆ. 1970ರಲ್ಲಿ ಅವನ ವಂಶದವನು ಅದನ್ನು ವಾಪಸು ಕೇಳುತ್ತಾನೆ. ಹಿರಿಯರು ಕೊಟ್ಟ ಮಾತು ಮೊಮ್ಮಕ್ಕಳನ್ನು ಕಟ್ಟುತ್ತದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಸಿನಿಮಾ ಗೆದ್ದ ಮೇಲೆ ದೈವದ ವೇಷ ಹಾಕಿ ಕೂಗುವುದು ಒಂದು ಮೋಜಾಯಿತು. ಕೊನೆಗೆ 2025ರಲ್ಲಿ ಮುಂದಿನ ಭಾಗ ಬಂದಾಗ ಚಿತ್ರತಂಡವೇ, ದಯವಿಟ್ಟು ಹಾಗೆ ಅನುಕರಣೆ ಮಾಡಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ವೇಷ ಹಾಕಿಸುವಾಗ ನಾವೂ ಇದನ್ನು ನೆನಪಿಡಬೇಕು.

ನಮ್ಮ ಕರಾವಳಿಯಲ್ಲಿ ವಾರಸಿನ ಪದ್ಧತಿಗೇ ಒಂದು ಭೂತದ ಐತಿಹ್ಯವಿದೆ. ಕುಂಡೋದರ ಎಂಬ ಭೂತ ಅರಸನ ಹಡಗು ಬಿಡಲು ಮಗನ ಬಲಿ ಕೇಳಿತಂತೆ. ಅರಸನ ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಅವನನ್ನು ಕೊಲ್ಲದೆ ಹರಸಿತು. ಅಂದಿನಿಂದ ಆಸ್ತಿ ಮಗನಿಗಲ್ಲ, ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ. ಅದೇ ಅಳಿಯಸಂತಾನ. ಈ ಕತೆಯನ್ನು ಕೇಳುವಾಗಲೆಲ್ಲ ನನಗೆ, ಮಗನನ್ನು ಕೊಡಲಾರೆ ಎಂದ ಆ ತಾಯಿಯ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲವಲ್ಲ ಅನಿಸುತ್ತದೆ.

ಸಿನಿಮಾದವರು ಇನ್ನೂ ಸರಿಯಾಗಿ ಮುಟ್ಟದ ಒಂದು ಕತೆ ಸಿರಿಯದು. ತುಳುವಿನ ಸಿರಿ ಪಾಡ್ದನವನ್ನು ಗೋಪಾಲ ನಾಯ್ಕ ಅವರು ಹಾಡಿದ್ದನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ದಾಖಲಿಸಿ 1998ರಲ್ಲಿ ಪ್ರಕಟಿಸಿತು. ಒಟ್ಟು 15,683 ಸಾಲುಗಳು. ಅನ್ಯಾಯ ಮಾಡಿದ ಗಂಡನನ್ನು ತಾನಾಗಿ ಬಿಟ್ಟು ಹೊರಡುವ ಹೆಣ್ಣಿನ ಕತೆ ಅದು. ಕೋಲದಲ್ಲಿ ಹೆಣ್ಣು ದೈವಗಳಿಗೂ ವೇಷ ಕಟ್ಟುವವರು ಗಂಡಸರು. ಆದರೆ ಸಿರಿ ಜಾತ್ರೆಯಲ್ಲಿ ಮೈಮೇಲೆ ಬರುವುದು ಹೆಂಗಸರಿಗೇ. ಹಿರಿಯಡ್ಕ, ನಂದಳಿಕೆ, ಕವತ್ತಾರು ಇಂಥ ಕಡೆ ರಾತ್ರಿಯಿಡೀ ಹಿಂಗಾರ ಹಿಡಿದು ನಿಲ್ಲುವ ಹೆಂಗಸರನ್ನು ನೀವೂ ನೋಡಿರಬಹುದು. ಮನೆಯಲ್ಲಿ ಬಾಯಿ ಬಿಡಲಾಗದವಳು ಅಲ್ಲಿ ಮಾತಾಡುತ್ತಾಳೆ, ಮನೆಯವರು ಕೈಮುಗಿದು ಕೇಳಿಸಿಕೊಳ್ಳುತ್ತಾರೆ. ಸಿನಿಮಾದಲ್ಲಿ ಮಂತ್ರವಾದಿ ಬಂದು ಅವಳನ್ನು ಓಡಿಸುತ್ತಾನೆ. ಜಾತ್ರೆಯಲ್ಲಿ ಅವಳ ಹೆಸರು ಕೇಳಿ, ಅವಳನ್ನೂ ಒಬ್ಬ ಸಿರಿ ಎಂದು ಸೇರಿಸಿಕೊಳ್ಳುತ್ತಾರೆ.

ನಮ್ಮ ಇನ್ನೊಂದು ದೆವ್ವ ಹಿಂದಿಯವರ ಮನೆಗೂ ಹೋಗಿ ಬಂದಿದೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದ ಕಾಲ ನೆನಪಿದೆಯಾ? ಆ ಸುದ್ದಿಯೇ 2018ರ 'ಸ್ತ್ರೀ' ಚಿತ್ರಕ್ಕೆ ಬೀಜವಾಯಿತು. ಅಲ್ಲಿ ರಾತ್ರಿ ಹೊರಗೆ ಹೋಗಲು ಹೆದರುವವರು ಗಂಡಸರು. ಥಿಯೇಟರಿನಲ್ಲಿ ಹೆಂಗಸರು ಹೆಚ್ಚು ನಕ್ಕದ್ದು ಯಾಕೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. 2020ರ 'ಬುಲ್‌ಬುಲ್' ನಗಿಸುವುದಿಲ್ಲ. ಅನ್ವಿತಾ ದತ್ ಅವರ ಈ ಚಿತ್ರ 1881ರ ಬಂಗಾಳದ ಜಮೀನುದಾರರ ಮನೆಯದು. ಮದುವೆಗೆ ಕೂತ ಪುಟ್ಟ ಹುಡುಗಿ ಕಾಲುಂಗುರ ಯಾಕೆ ಎಂದು ಕೇಳಿದರೆ, ಅಲ್ಲೊಂದು ನರ ಇದೆ, ಅದನ್ನು ಒತ್ತಿ ಹಿಡಿಯದಿದ್ದರೆ ಹುಡುಗಿ ಹಾರಿಹೋಗುತ್ತಾಳೆ ಎಂಬ ಅರ್ಥದ ಉತ್ತರ ಬರುತ್ತದೆ. ಆಮೇಲೆ ಊರವರು ಉಲ್ಟಾ ಪಾದದ ದೆವ್ವವನ್ನು ಹುಡುಕುತ್ತ ಹೊರಡುತ್ತಾರೆ. ದೆವ್ವವನ್ನು ತಯಾರು ಮಾಡಿದ್ದು ತಮ್ಮದೇ ಮನೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಕನ್ನಡದ ಅತಿ ಭಯಾನಕ ಚಿತ್ರ ಯಾವುದು ಎಂದು ಕೇಳಿದರೆ ನಾನು 'ಘಟಶ್ರಾದ್ಧ' ಅನ್ನುತ್ತೇನೆ. 1977ರದು. ಅನಂತಮೂರ್ತಿಯವರ ಕತೆ, ಗಿರೀಶ್ ಕಾಸರವಳ್ಳಿಯವರ ನಿರ್ದೇಶನ. ನಿರ್ಮಿಸಿದವರು ನಮ್ಮ ಮುಂಬಯಿ ಕನ್ನಡ ರಂಗಭೂಮಿಯ ಸದಾನಂದ ಸುವರ್ಣರು. ಆಮೇಲೆ ಟಿ.ವಿ.ಗೆ 'ಗುಡ್ಡದ ಭೂತ' ಮಾಡಿದವರೂ ಅವರೇ. 'ಘಟಶ್ರಾದ್ಧ'ದಲ್ಲಿ ದೆವ್ವವೇ ಇಲ್ಲ. ಬಸಿರಾದ ಒಬ್ಬ ಎಳೆಯ ವಿಧವೆ ಯಮುನಕ್ಕ ಇದ್ದಾಳೆ, ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿಬಿಡುತ್ತಾರೆ. ಸತ್ತವಳು ಎದ್ದು ಬರುವುದು ದೆವ್ವದ ಕತೆ. ಬದುಕಿದವಳನ್ನು ಸತ್ತಳೆಂದು ಹೇಳಿ ನೀರು ಬಿಡುವುದು ಅದಕ್ಕಿಂತ ದೊಡ್ಡ ಭಯ. ಅದನ್ನು ಮಾಡಿದ್ದು ಮನೆತನದ ಹೆಸರಿನಲ್ಲಿ, ಸಂಪ್ರದಾಯದ ಹೆಸರಿನಲ್ಲಿ.

ಈಗ ಸ್ವಲ್ಪ ನಮ್ಮ ಮನೆಯ ಮಾತು. ನಮ್ಮ ಊರಿನ ಮನೆಯಲ್ಲೂ ಉಪ್ಪರಿಗೆಯ ಮೇಲೆ ಒಂದು ಕೋಣೆ ಇತ್ತು. ಮಕ್ಕಳು ಅಲ್ಲಿಗೆ ಹೋಗುವಂತಿರಲಿಲ್ಲ. ಅಜ್ಜನ ತಂಗಿ ಅಲ್ಲಿ ಇದ್ದಳಂತೆ, ಅವಳಿಗೆ ಗಾಳಿ ಸೋಕಿತ್ತಂತೆ, ರಾತ್ರಿ ಜೋಗುಳ ಹಾಡುತ್ತಿದ್ದಳಂತೆ. ನಾವು ಮಕ್ಕಳು ಆ ಜೋಗುಳ ಈಗಲೂ ಕೇಳುತ್ತದೆ ಎಂದು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದೆವು. ನನ್ನ ಬಾಣಂತನದ ಹೊತ್ತಿಗೆ ಅಮ್ಮ ಒಂದು ಮಧ್ಯಾಹ್ನ ಎಣ್ಣೆ ಹಚ್ಚುತ್ತ ಉಳಿದ ಅರ್ಧ ಹೇಳಿದರು. ಆ ಅಜ್ಜಿಗೆ ಹೆರಿಗೆಯಾಗಿ ಹದಿನಾಲ್ಕು ದಿನಕ್ಕೆ ಮಗು ಹೋಗಿತ್ತು. ಅವಳು ನಿದ್ದೆ ಬಿಟ್ಟಳು, ಊಟ ಬಿಟ್ಟಳು, ಇಲ್ಲದ ಮಗುವನ್ನು ತೂಗಿದಳು. ಗಂಡನ ಮನೆಯವರು ತಂದು ಬಿಟ್ಟುಹೋದರು. ತವರಿನವರು ಮಾಟ ತೆಗೆಸಿದರು, ಹೊಗೆ ಹಾಕಿಸಿದರು, ಕೊನೆಗೆ ಬೀಗ ಹಾಕಿದರು. ಅವರೇನೂ ಕೆಟ್ಟವರಲ್ಲ. ಅವರಿಗೆ ತಿಳಿದಿದ್ದ ಹೆಸರು ಅದೊಂದೇ, ಗಾಳಿ.

ಎರಡು ವರ್ಷದ ಹಿಂದೆ ನನ್ನ ಮಗಳು ಬಸಿರಾದಳು. ಡಾಕ್ಟರಮ್ಮ ಮೊದಲ ಭೇಟಿಯಲ್ಲಿ ಬಿ.ಪಿ., ಶುಗರ್ ಎಲ್ಲ ಕೇಳಿ, ನಿಮ್ಮ ಮನೆತನದಲ್ಲಿ ಹೆರಿಗೆಯ ನಂತರ ಯಾರಿಗಾದರೂ ಮನಸ್ಸಿನ ತೊಂದರೆ ಆದದ್ದಿದೆಯೇ ಎಂದು ಕೇಳಿದರು. ಮಗಳು ಇಲ್ಲ ಎಂದು ತಲೆಯಾಡಿಸಿದಳು. ನಾನು "ಇದೆ" ಅಂದೆ. ನಮ್ಮ ಉಪ್ಪರಿಗೆಯ ದೆವ್ವ ಆ ದಿನ ಆಸ್ಪತ್ರೆಯ ಫೈಲಿನಲ್ಲಿ ಒಂದು ಸಾಲಾಯಿತು. ಹೆರಿಗೆಯಾದ ಎರಡನೆಯ ವಾರ ಮಗಳು ನಿದ್ದೆಯಿಲ್ಲದೆ, ಕಾರಣವಿಲ್ಲದೆ ಅಳತೊಡಗಿದಾಗ ನಾವು ದೃಷ್ಟಿ ತೆಗೆದು ಸುಮ್ಮನೆ ಕೂರಲಿಲ್ಲ. ದೃಷ್ಟಿಯನ್ನೂ ತೆಗೆದೆವು, ಅದೇ ಸಂಜೆ ಡಾಕ್ಟರಿಗೆ ಫೋನನ್ನೂ ಮಾಡಿದೆವು. ಔಷಧಿ, ನಿದ್ದೆ, ಮಾತು, ಮೂರೂ ಸಿಕ್ಕಿದವು. ಈಗ ತಾಯಿ ಮಗು ಚೆನ್ನಾಗಿದ್ದಾರೆ. ನಮ್ಮ ಸಂಬಂಧಿಕರೊಬ್ಬರು, ಅಷ್ಟು ಹಳೆಯ ಮನೆಯ ಮಾತನ್ನು ಹೊರಗೆ ಹೇಳುವ ಅಗತ್ಯವೇನಿತ್ತು ಎಂದು ಬೇಸರಪಟ್ಟುಕೊಂಡರು. ಅವರಿಗೆ ನಾನು ಹೇಳಿದ್ದು ಇಷ್ಟೇ: ನಮ್ಮ ಹುಡುಗಿ ಆ ಕೋಣೆಗೆ ಹೋಗಬಾರದು ಅಂದರೆ ಆ ಕೋಣೆಯಲ್ಲಿ ಯಾರಿದ್ದರು ಎಂದು ಅವಳಿಗೆ ಗೊತ್ತಿರಬೇಕು.

ಗಿರೀಶ್ ಕಾರ್ನಾಡರ 'ನಾಗಮಂಡಲ' ನಾಟಕದ ಆರಂಭ ನಿಮಗೆ ನೆನಪಿರಬಹುದು. ನಾಗಾಭರಣರು 1997ರಲ್ಲಿ ಅದನ್ನು ಸಿನಿಮಾ ಮಾಡಿದರು. ನಾಟಕದಲ್ಲಿ ದೀಪದ ಕುಡಿಗಳೆಲ್ಲ ಪಾಳುಗುಡಿಯಲ್ಲಿ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಆಗ ಒಂದು ಕತೆ ಹೆಣ್ಣಿನ ರೂಪದಲ್ಲಿ ಒಳಗೆ ಬರುತ್ತದೆ. ಒಬ್ಬ ಮುದುಕಿ ಅದನ್ನು ಯಾರಿಗೂ ಹೇಳದೆ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಳು, ಅದು ತಪ್ಪಿಸಿಕೊಂಡು ಬಂದಿದೆ. ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳಿಂದ ಇದನ್ನು ಕಟ್ಟಿದರು. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಮಾತೇ ಇದು. ಹೇಳದೆ ಇಟ್ಟುಕೊಂಡ ಕತೆ ಸುಮ್ಮನಿರುವುದಿಲ್ಲ, ಇಟ್ಟುಕೊಂಡವರ ಮೇಲೇ ತಿರುಗುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನದು ಮೂರು ಕೋರಿಕೆ. ಮೊದಲನೆಯದು, ಇಂಥ ಸಿನಿಮಾಗಳನ್ನು ದೊಡ್ಡ ಮಕ್ಕಳ ಜೊತೆ ಕೂತು ನೋಡಿ. ಮುಗಿದ ಮೇಲೆ ಟಿ.ವಿ. ಆರಿಸಿ, ಈ ದೆವ್ವಕ್ಕೆ ಬದುಕಿದ್ದಾಗ ಯಾರು ಏನು ಮಾಡಿದ್ದರು ಎಂದು ಒಂದೇ ಪ್ರಶ್ನೆ ಕೇಳಿ. ಎರಡನೆಯದು, ಊರಿಗೆ ಹೋದಾಗ ಹಿರಿಯ ಹೆಂಗಸರ ಹತ್ತಿರ ಮನೆಯ ಕತೆಗಳನ್ನು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದೈವದ ಕತೆ, ಹರಕೆಯ ಕತೆ, ಜೊತೆಗೆ ಯಾರ ಹೆಸರು ತೆಗೆದರೆ ಎಲ್ಲರೂ ಸುಮ್ಮನಾಗುತ್ತಾರೋ ಅವರ ಕತೆ. ಮೂರನೆಯದು, ಮನೆಯಲ್ಲಿ ಯಾರಿಗಾದರೂ ನಿದ್ದೆ ಹಾರಿದರೆ, ಮಾತು ತಪ್ಪಿದರೆ, ದೇವರಿಗೆ ಹರಕೆ ಹೊರುವವರು ಹೊರಿ, ಆದರೆ ಡಾಕ್ಟರನ್ನು ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 2022ರಿಂದ ಇದೆ. ನಂಬರು 14416. ಕನ್ನಡದಲ್ಲೂ ಮಾತಾಡಬಹುದು. ದಯವಿಟ್ಟು ಈಗಲೇ ಮೊಬೈಲಿನಲ್ಲಿ ಹಾಕಿಕೊಳ್ಳಿ, ನಾನು ಕಾಯುತ್ತೇನೆ.

ಹಾಕಿಕೊಂಡಿರಾ? ಸರಿ. ನಮ್ಮ ಮಹಿಳಾ ವಿಭಾಗ ಒಪ್ಪುವುದಾದರೆ ಮುಂದಿನ ಸಭೆಗೆ ಪ್ರತಿಯೊಬ್ಬರೂ ತಮ್ಮ ಮನೆತನದ ಒಬ್ಬ ಹೆಂಗಸಿನ ಕತೆ ತರಲಿ. ಹೆಸರು ಹೇಳಬೇಕಿಲ್ಲ, ಊರು ಹೇಳಬೇಕಿಲ್ಲ. ಚಹಾ ಮತ್ತು ಗೋಳಿಬಜೆಯ ಜವಾಬ್ದಾರಿ ನನ್ನದು.